ಹಾಲಮ್ಮನವರ ಆಡುಮುಟ್ಟದ ಬಳ್ಳಿ

ಹಾಲಮ್ಮನವರ ಮನೆಯಲ್ಲಿ ಯಾವುದೂ ಎಂದೂ ಮುಗಿಯುತ್ತಿರಲಿಲ್ಲ. ಅಕ್ಕಿ ಡಬ್ಬಿಯ ತಳ ಕಂಡರೆ "ಅಕ್ಕಿ ಹೆಚ್ಚಾಗೈತೆ" ಎನ್ನುತ್ತಿದ್ದರು. ಕೈಯ ಬಳೆ ಒಡೆದರೆ ಬಳೆ ಹೆಚ್ಚಾಯಿತು. ದೇವರ ಮುಂದಿನ ದೀಪ ಆರುತ್ತಿರಲಿಲ್ಲ, ದೊಡ್ಡದಾಗುತ್ತಿತ್ತು. ನಮ್ಮ ಕಡೆ ಹಳೆಯ ಮಂದಿ ಹೀಗೆಯೇ ಮಾತಾಡುತ್ತಾರೆ, ಮುಗಿಯಿತು, ಇಲ್ಲ ಎನ್ನುವುದು ಮನೆಗೆ ಒಳ್ಳೆಯದಲ್ಲ ಎಂದು. ಆದರೆ ಉಳಿದವರು ಅಕ್ಕಿ, ಅರಿಸಿನ, ಬಳೆಗೆ ಮಾತ್ರ ಕೊಡುವ ಈ ಮರ್ಯಾದೆಯನ್ನು ಹಾಲಮ್ಮನವರು ಟೂತ್‌ಪೇಸ್ಟಿಗೂ ಮೊಬೈಲ್ ಕರೆನ್ಸಿಗೂ ಕೊಡುತ್ತಿದ್ದರು. ಯಾವುದನ್ನೇ ಕೇಳಿದರೂ ಅವರು "ಇಲ್ಲ" ಎಂದದ್ದನ್ನು ನಾನಂತೂ ಕೇಳಿಲ್ಲ.

ಒಮ್ಮೆ ಗ್ಯಾಸ್ ಏಜೆನ್ಸಿಗೆ ಫೋನ್ ಮಾಡಿ, "ನಮ್ಮ ಮನಿ ಸಿಲಿಂಡರ್ ಹೆಚ್ಚಾಗೈತಪ್ಪ" ಎಂದರು. ಆ ಕಡೆಯ ಹುಡುಗ, "ಹೆಚ್ಚಾಗಿದ್ರೆ ಇಟ್ಕಳ್ರಿ ಅಮ್ಮಾ, ಮುಂದಿನ ತಿಂಗ್ಳು ಬೇಕಾಗ್ತೈತೆ" ಎಂದು ಫೋನ್ ಇಟ್ಟುಬಿಟ್ಟ. ಅವತ್ತು ಅವರ ಯಜಮಾನರು ರುದ್ರಪ್ಪನವರಿಗೆ ಊಟವೂ ಮಂಡಕ್ಕಿ, ಫಲಾಹಾರವೂ ಮಂಡಕ್ಕಿ. ರುದ್ರಪ್ಪನವರು ಅರಿವೆ ಅಂಗಡಿ ನಡೆಸಿ ಬಿಟ್ಟವರು. ಮೀಟರ್ ಹಿಡಿದು ಅಳೆದಂತೆ ಮಾತು. ಇದ್ದರೆ ಐತೆ, ಇಲ್ಲದಿದ್ದರೆ ಇಲ್ಲ. "ಲೇ, ಖಾಲಿ ಆಗೈತೆ ಅನ್ನಾಕ ನಿಂಗೇನು ಬ್ಯಾನಿ?" ಎಂದು ಅವರು ಕೂಗಾಡಿದರೆ ಹಾಲಮ್ಮನವರು, "ಖಾಲಿ ಅಂದ್ರೆ ಮನೀಗೆ ಕೇಳಸ್ತೈತ್ರಿ" ಎಂದು ಪಿಸುಗುಟ್ಟುತ್ತಿದ್ದರು.

ನಾನು ದಾವಣಗೆರೆಯ ಸರಸ್ವತಿ ನಗರದಲ್ಲಿ ಅವರ ಮನೆಯ ಮೇಲ್ಗಡೆ ಬಾಡಿಗೆಗೆ ಇದ್ದೇನೆ. ಪೇಟೆಯಲ್ಲಿ ನನ್ನದೊಂದು ಫ್ಲೆಕ್ಸ್ ಅಂಗಡಿ. ಊರಿನವರ ಹುಟ್ಟುಹಬ್ಬ, ಗೃಹಪ್ರವೇಶ, ಭಾವಪೂರ್ಣ ಶ್ರದ್ಧಾಂಜಲಿ ಎಲ್ಲವೂ ನನ್ನ ಕೈಯಿಂದಲೇ ಬಣ್ಣ ಪಡೆದು ಬೀದಿಗೆ ಹೋಗುತ್ತವೆ. ಹಾಲಮ್ಮನವರು ನನ್ನನ್ನು "ಶೈಲವ್ವಾ" ಎಂದು ಕರೆಯುತ್ತಿದ್ದರು. ಕುಳ್ಳಗಿನ ಹೆಂಗಸು, ಹಣೆಯಲ್ಲಿ ಮೂರು ಗೆರೆ ವಿಭೂತಿ, ದಪ್ಪ ಗಾಜಿನ ಕನ್ನಡಕ. ನಾನು ಅಂಗಡಿಗೆ ಹೊರಡುವ ಹೊತ್ತಿಗೆ ಅವರು ಕಾಂಪೌಂಡಿನ ಮೂಲೆಯ ಹೊಂಗೆ ಮರದ ಕೆಳಗೆ ಚಹಾದ ಲೋಟ ಹಿಡಿದು ನಿಂತು, ಒಂದು ಬಳ್ಳಿಯ ಎಲೆಗಳನ್ನು ಒಂದೊಂದಾಗಿ ಮಗುಚಿ ನೋಡುತ್ತಾ, "ಎದ್ದೀರೇನು? ಉಂಡ್ರಾ?" ಎಂದು ಮಾತಾಡಿಸುತ್ತಿದ್ದರು. ಹೊಸದಾಗಿ ಬಂದಾಗ ನನಗೆ ಸ್ವಲ್ಪ ಭಯವೇ ಆಗಿತ್ತು. ಆಮೇಲೆ ತಿಳಿಯಿತು, ಅವರು ಮಾತಾಡುತ್ತಿದ್ದದ್ದು ಹುಳುಗಳ ಜೊತೆ.

ಆ ಬಳ್ಳಿ ಹರಿಹರದ್ದು. ಹಾಲಮ್ಮನವರ ತವರು ಅದು. ಅವರ ತವರುಮನೆಯ ಹಿತ್ತಿಲಿಗೂ ಹೊಳೆಗೂ ನಡುವೆ ಹಿಂದೆ ಒಂದು ಕುರುಚಲು ಕಾಡಿನ ಪಟ್ಟಿ ಇತ್ತಂತೆ. ಹೊಂಗೆ, ಕಕ್ಕೆ, ಕಾರೆ, ಅವುಗಳ ನೆರಳಿನಲ್ಲಿ ಹಬ್ಬಿದ ಈ ಬಳ್ಳಿ. ಆಡುಗಳು ಸುತ್ತಲಿನ ಹಸಿರನ್ನೆಲ್ಲ ಬೋಳಿಸಿದರೂ ಇದಕ್ಕೆ ಬಾಯಿ ಹಾಕುತ್ತಿರಲಿಲ್ಲ. ಅದಕ್ಕೇ ಅದರ ಹೆಸರು ಆಡುಮುಟ್ಟದ ಬಳ್ಳಿ. ಎಕ್ಕದ ದಾಯಾದಿ, ಎಲೆ ಮುರಿದರೆ ನೀರುನೀರಾದ ಹಾಲು ಒಂದು ಹನಿ ಬರುತ್ತದೆ. ಆಡಿಗೆ ಬೇಡವಾದ ಆ ಎಲೆಯೇ ಒಂದು ಜಾತಿಯ ಪಾತರಗಿತ್ತಿಗೆ ಬೇಕು. ಕಪ್ಪು ರೆಕ್ಕೆ, ಅದರ ಮೇಲೆ ಎಣ್ಣೆ ತಾಗಿದ ಕಾಗದದಂತೆ ಆಚೆಯ ಬೆಳಕು ಕಾಣುವ ತಿಳಿನೀಲಿ ಪಟ್ಟೆಗಳು. ಜೇನಿಗಾದರೆ ತುಂಬೆಯ ಹೂವಿಗೂ ಹೋಗುತ್ತದೆ, ತುಳಸಿಗೂ ಹೋಗುತ್ತದೆ. ಮೊಟ್ಟೆ ಇಡುವುದಕ್ಕೆ ಮಾತ್ರ ಈ ಬಳ್ಳಿಯೇ ಆಗಬೇಕು.

ಆ ಕಾಡಿನ ಪಟ್ಟಿಯನ್ನು ಸಪಾಟು ಮಾಡುತ್ತಾರೆಂದು ತವರಿನಲ್ಲಿದ್ದ ಅವರ ಅಕ್ಕ ಫೋನಿನಲ್ಲಿ ಹೇಳಿದ ದಿನ ಹಾಲಮ್ಮನವರು ಬಸ್ಸು ಹತ್ತಿ ಹೋಗಿ, ಬೇರಿದ್ದ ಒಂದು ಬಳ್ಳಿಯನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಬಂದರು. ಕಂಡಕ್ಟರು, "ಏನಮ್ಮಾ ಲಗೇಜು?" ಎಂದು ಕೇಳಿದನಂತೆ. "ತವರುಮನಿ ಅಪ್ಪಾ" ಎಂದರಂತೆ ಇವರು. ಅವನು ಏನೂ ಅನ್ನದೆ ಮುಂದೆ ಹೋದನಂತೆ. ಈ ಕತೆಯನ್ನು ಹೇಳುವಾಗಲೆಲ್ಲ ಅವರ ಮುಖ ಹಿಗ್ಗುತ್ತಿತ್ತು.

ಬಿಸಿಲಿನಲ್ಲಿ ನೆಟ್ಟರೆ ಬರುವುದಿಲ್ಲ, ಪೂರಾ ನೆರಳೂ ಆಗದು ಎಂದು ಹೊಂಗೆಯ ಬುಡವನ್ನೇ ಆರಿಸಿದರು. ಬಿದ್ದ ತರಗೆಲೆಯನ್ನು ಗುಡಿಸಲು ಬಿಡುತ್ತಿರಲಿಲ್ಲ. "ಕಾಡಿನ ಕೂಸು ಅದು. ಅದಕ್ಕ ಹಾಸಿಗಿ ಬೇಕು" ಎನ್ನುತ್ತಿದ್ದರು. ಮೊದಲ ವರ್ಷ ಬಳ್ಳಿ ಏನೂ ಮಾಡದೆ ಕೂತಿತು. ಎರಡನೆಯ ವರ್ಷ ಕಾಂಪೌಂಡ್ ಹತ್ತಿತು. ಆಮೇಲಿನ ಮಳೆಗಾಲದಲ್ಲಿ ಎಲೆಯ ಅಡಿಗೆ ಬಿಳಿಯ ಮೊಟ್ಟೆಗಳು, ಅದರಿಂದ ಮೈತುಂಬ ಹಳದಿ ಬಿಳಿ ಚುಕ್ಕೆಗಳ, ತಲೆಗೂ ಬಾಲಕ್ಕೂ ಕೋಡಿದ್ದ ಹುಳುಗಳು ಬಂದವು. ರುದ್ರಪ್ಪನವರು ಔಷಧಿ ಹೊಡೆಯುವ ಪಂಪು ತಂದು ನಿಂತರು. ಹಾಲಮ್ಮನವರು ಬಳ್ಳಿಗೆ ಅಡ್ಡ ನಿಂತು, "ಉಣ್ಣಾಕ ಕುಂತೋರನ್ನ ಎಬ್ಸಬಾರ್ದು" ಎಂದರು. ಪಂಪು ವಾಪಸು ಹೋಯಿತು.

ಉಂಡು ದಪ್ಪಗಾದ ಹುಳು ಎಲೆಯ ಕೆಳಗೆ ತಲೆಕೆಳಗಾಗಿ ಜೋತು ಬಿದ್ದು ಗೂಡಾಗುತ್ತಿತ್ತು. ಎಳೆ ಹಸಿರು ಗೂಡು, ಅದರ ಮೇಲೆ ಹೊಳೆಯುವ ಬಂಗಾರದ ಚುಕ್ಕೆಗಳು. ಹಾಲಮ್ಮನವರು ಅದನ್ನು "ಜುಮುಕಿ" ಎನ್ನುತ್ತಿದ್ದರು. ಜುಮುಕಿ ಒಡೆದು, ಮುದುಡಿದ ರೆಕ್ಕೆಯ ಪಾತರಗಿತ್ತಿ ಹೊರಬಂದು ಒಣಗಿಸಿಕೊಳ್ಳುವಾಗ ಅವರು ಒಲೆಯ ಮೇಲಿನ ಸಾರನ್ನೂ ಮರೆತು ನಿಲ್ಲುತ್ತಿದ್ದರು. "ನಾ ಐದು ಮಂದಿ ಬಾಣಂತನ ಮಾಡೀನಿ ಶೈಲವ್ವಾ, ಇಷ್ಟು ಸದ್ದಿಲ್ದ ಹುಟ್ಟಿದ್ದನ್ನ ಕಂಡಿಲ್ಲ" ಎಂದು ಒಮ್ಮೆ ಹೇಳಿದರು. ಹುಳುಗಳು ತಿಂದು ಬೋಳಾದ ಬಳ್ಳಿ ತಾನಾಗಿಯೇ ಮತ್ತೆ ಚಿಗುರುತ್ತಿತ್ತು. ಮತ್ತೆ ಮೊಟ್ಟೆ, ಮತ್ತೆ ಹುಳು. ಅವರ ಆ ಲೆಕ್ಕದಲ್ಲಿ ಮನುಷ್ಯರು ಎಲ್ಲಿಯೂ ಇರಲಿಲ್ಲ. ತಪ್ಪಾದದ್ದು ಅಲ್ಲೇ.

ಮೊದಲು ಬಂದದ್ದು ಎದುರು ಮನೆಗೆ ಬಂದಿದ್ದ ಬೀಗತಿಯೊಬ್ಬರು. "ಏನ್ ಬಳ್ಳಿ ಇದು?" ಎಂದು ಕೇಳಿದರು. ಹಾಲಮ್ಮನವರು ಹೆಮ್ಮೆಯಿಂದ, "ಆಡುಮುಟ್ಟದ ಬಳ್ಳಿ" ಎಂದರು.

"ಹೌದಾ? ಆಡುಮುಟ್ಟದ ಸೊಪ್ಪು ಅಂದ್ರ ಕೆಮ್ಮಿಗೆ ಕಷಾಯ ಮಾಡ್ತಾರಲ್ಲ, ಅದಾ?"

"ಅದು ಆಡುಸೋಗಿರೀ, ಗಿಡ. ಇದು ಬಳ್ಳಿ. ಇದು ಬ್ಯಾರೆ."

"ಆಡು ಎರಡನ್ನೂ ಮುಟ್ಟಲ್ಲ ಅಂದ ಮ್ಯಾಲೆ ಗುಣ ಒಂದ ಇರ್ತೈತೆ ತಗೀರಿ" ಎಂದು ಆ ತಾಯಿ ಒಂದು ಹಿಡಿ ಕಿತ್ತುಕೊಂಡು ಹೋದರು.

ಹೆಸರೊಂದೇ ಆದದ್ದು ಸಾಲದು ಎಂಬಂತೆ, ಈ ಬಳ್ಳಿಯ ಎಲೆಯನ್ನು ದಮ್ಮಿಗೆ ಜಗಿಯುತ್ತಾರೆ ಎಂಬ ಮಾತೂ ಹಳಬರಲ್ಲಿ ಇತ್ತು. ಜಗಿದರೆ ವಾಂತಿಯಾಗುತ್ತದೆ ಎಂಬುದನ್ನು ಯಾರೂ ನೆನಪಿಟ್ಟುಕೊಂಡಿರಲಿಲ್ಲ. ನಮ್ಮ ಊರಿನ ಧೂಳಿನಲ್ಲಿ ದಮ್ಮು ಇಲ್ಲದ ಮನೆ ಯಾವುದು? ಒಬ್ಬರ ಹಿಂದೆ ಒಬ್ಬರು ಗೇಟು ತೆಗೆಯತೊಡಗಿದರು. ಹಾಲಮ್ಮನವರು ಪ್ರತಿಯೊಬ್ಬರಿಗೂ ಇದು ಬೇರೆ, ಇದನ್ನು ತಿನ್ನಬಾರದು, ಡಾಕ್ಟರು ಕೊಟ್ಟ ಉಸಿರಿನ ಪಂಪು ಎಳೆದುಕೊಳ್ಳಿ ಎಂದು ಹೇಳುತ್ತಿದ್ದರು. ಹೇಳುತ್ತಾ ಹೇಳುತ್ತಾ, ಬಂದವರು ಬರಿಗೈಲಿ ಹೋಗಬಾರದೆಂದು ನಾಲ್ಕು ಎಲೆ ಕಿತ್ತು ಕೊಡುತ್ತಿದ್ದರು. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಗುತ್ತಿತ್ತು.

"ಅಮ್ಮಾರೇ, ಒಂದ್ಸಲ ಇಲ್ಲ ಅನ್ರಿ. ಮುಗೀತು."

"ದಮ್ಮು ಹತ್ತಿದೋರು ಅಷ್ಟು ದೂರದಿಂದ ಬಂದಾರೆ. ಬಾಗ್ಲಾಗೆ ನಿಂದ್ರಿಸಿ ಇಲ್ಲ ಅನ್ಲಾ?"

"ಹಂಗಾರ ಹುಳ?"

ಹಾಲಮ್ಮನವರು ಚಹಾದ ಲೋಟವನ್ನು ಸುಮ್ಮನೆ ತಿರುಗಿಸುತ್ತಿದ್ದರು.

ಒಂದು ದಿನ ಬಳ್ಳಿ ಪೂರಾ ಬೋಳಾಗಿದ್ದಾಗ ಬೈಕಿನಲ್ಲಿ ಒಬ್ಬ ಯುವಕ ಬಂದು ಎಲೆ ಕೇಳಿದ. ಹಾಲಮ್ಮನವರು ತಮ್ಮ ಭಾಷೆಯಲ್ಲಿ ತಮಗೆ ಸಾಧ್ಯವಿದ್ದ ಅತಿ ಕಟುವಾದ ಮಾತನ್ನೇ ಹೇಳಿದರು: "ಎಲಿ ಹೆಚ್ಚಾಗ್ಯಾವಪ್ಪ." ಅವನು ಬಳ್ಳಿಯನ್ನು ನೋಡಲೂ ಇಲ್ಲ. ಖುಷಿಯಿಂದ ತಲೆಯಾಡಿಸಿ, ಸಂಜೆ ಬರುತ್ತೇನೆಂದು ಹೋದ. ಮಧ್ಯಾಹ್ನದ ಹೊತ್ತಿಗೆ ಓಣಿಯ ವಾಟ್ಸಪ್ ಗುಂಪಿನಲ್ಲಿ ಸುದ್ದಿ ಓಡಾಡಿತು. ಸರಸ್ವತಿ ನಗರದ ಹಾಲಮ್ಮನವರ ಮನೆಯಲ್ಲಿ ಆಡುಮುಟ್ಟದ ಸೊಪ್ಪು ಹೆಚ್ಚಾಗಿದೆಯಂತೆ, ದಮ್ಮು ಇದ್ದವರು ಉಚಿತವಾಗಿ ಪಡೆಯಬಹುದು, ಪುಣ್ಯದ ಕೆಲಸ, ಹಂಚಿರಿ ಎಂದು. ಕೊನೆಗೆ ಕೈಮುಗಿದ ಚಿತ್ರಗಳು ಬೇರೆ. ಮರುದಿನ ಬೆಳಿಗ್ಗೆ ನಾನು ಗಾಡಿ ತೆಗೆಯಲು ಜಾಗವಿರಲಿಲ್ಲ. ಆವರಗೆರೆಯಿಂದ ಬಂದವರಿದ್ದರು, ಲೋಕಿಕೆರೆಯಿಂದ ಬಂದವರಿದ್ದರು. ಎಲೆ ಕಾಣದೆ ಹಲವರು ಎಳೆಯ ಕುಡಿಯನ್ನೇ ಚಿವುಟಿಕೊಂಡರು. ನಾನು ನಕ್ಕೆ ಎಂದರೆ ಸುಳ್ಳಲ್ಲ. ಆದರೆ ಹಾಲಮ್ಮನವರು ಪಡಸಾಲೆಯ ಕಂಬ ಹಿಡಿದು ನಿಂತದ್ದನ್ನು ನೋಡಿ ನಗು ನಿಂತುಹೋಯಿತು.

ಅವತ್ತು ಸಂಜೆ ಅವರು ನನ್ನ ಅಂಗಡಿಗೆ ಬಂದರು. ಗೇಟಿಗೆ ಒಂದು ಬೋರ್ಡು ಬೇಕೆಂದರು. ನಾನು ಕಂಪ್ಯೂಟರಿನಲ್ಲಿ ದಪ್ಪ ಕೆಂಪಕ್ಷರದಲ್ಲಿ "ಎಲೆ ಇಲ್ಲ" ಎಂದು ಹೊಡೆದು ತೋರಿಸಿದೆ.

"ಅಯ್ಯೋ, ಮನಿ ಬಾಗ್ಲಿಗೆ ಇಲ್ಲ ಅಂತ ತೂಗು ಹಾಕ್ತಾರೇನವ್ವಾ?"

"ಕೀಳಬೇಡಿ ಅಂತ ಹಾಕ್ಲಾ?"

"ಬ್ಯಾಡ ಅಂತ ಬರದ್ರೂ ಅಷ್ಟ. ಚೆಂದಾಗಿ ಬರಿ. ಈ ಎಲಿ ಯಾರಿಗೆ ಅಂತ ಅಷ್ಟ ಬರದ್ರ ಸಾಕು, ತಿಳಿತೈತೆ ಮಂದಿಗೆ."

ಸರಿ. "ಈ ಬಳ್ಳಿಯ ಎಲೆಗಳು ಹುಳಕ್ಕೆ" ಎಂದು ಹಸಿರು ಅಕ್ಷರದಲ್ಲಿ, ಮೂಲೆಗೊಂದು ಪಾತರಗಿತ್ತಿಯ ಚಿತ್ರದೊಂದಿಗೆ ಬೋರ್ಡು ತಯಾರಾಯಿತು. ಅವರಿಗೆ ಬಹಳ ಇಷ್ಟವಾಯಿತು. ನನಗೂ ಚೆನ್ನಾಗಿಯೇ ಕಂಡಿತು. ಎರಡು ದಿನ ಓಣಿ ಶಾಂತವಾಗಿತ್ತು. ಮೂರನೆಯ ದಿನದಿಂದ ಮಕ್ಕಳನ್ನು ಎತ್ತಿಕೊಂಡ ತಾಯಂದಿರು ಬರತೊಡಗಿದರು. "ಅಮ್ಮಾರೇ, ನಮ್ಮ ಕೂಸಿಗೆ ಹೊಟ್ಟ್ಯಾಗೆ ಜಂತುಹುಳ. ಹುಳಕ್ಕೆ ಕೊಡ್ತೀರಂತಲ್ಲ, ಎಷ್ಟೆಲಿ ಅರದು ಕುಡಿಸ್ಬೇಕ್ರಿ?"

ರುದ್ರಪ್ಪನವರು ಬೋರ್ಡನ್ನು ಕಿತ್ತು ಅಟ್ಟಕ್ಕೆ ಎಸೆದರು. ಅಂದಿನಿಂದ ದಿನವಿಡೀ ಗೇಟಿನ ಹತ್ತಿರ ಕುರ್ಚಿ ಹಾಕಿ ಕೂತು, ಬಂದವರಿಗೆಲ್ಲ "ಇಲ್ಲ, ಇಲ್ಲ, ಇಲ್ಲ" ಎಂದು ಅಂಗಡಿ ಮುಚ್ಚುವ ಹೊತ್ತಿನ ಗಂಟಲಿನಲ್ಲಿ ಹೇಳತೊಡಗಿದರು. ಅವರು ಕಾವಲು ಕೂತ ಆ ವಾರಗಳಲ್ಲಿ ಬಳ್ಳಿಗೆ ಜೀವ ಬಂತು. ಬುಡದಿಂದ ಒಂದು ಹೊಸ ಕುಡಿ ಮೇಲೆದ್ದಿತು. ಒಂದು ಪಾತರಗಿತ್ತಿ ಎಲ್ಲಿತ್ತೋ, ಬಂದು ಮೊಟ್ಟೆ ಇಟ್ಟಿತು. ಹಾಲಮ್ಮನವರು ಮತ್ತೆ ಚಹಾದ ಲೋಟ ಹಿಡಿದು ಹೊಂಗೆಯ ಕೆಳಗೆ ನಿಂತರು. ಸುತ್ತಮುತ್ತ ಎಲ್ಲೂ ಬೇರೆ ಬಳ್ಳಿ ಇಲ್ಲವೆಂಬುದು ಅವರಿಗೆ ಗೊತ್ತಿತ್ತು. ಈ ಒಂದು ಕುಡಿಯ ಮೇಲಿನ ಹುಳುಗಳು ಜುಮುಕಿಯಾದರೆ ಉಳಿದವು, ಇಲ್ಲದಿದ್ದರೆ ನಮ್ಮ ಕಡೆ ಆ ಪಾತರಗಿತ್ತಿಯ ಸಂತತಿ ಹೋದಂತೆಯೇ ಎಂದು ಅವರು ನಂಬಿದ್ದರು.

ಕೆಂಚಪ್ಪ ಬಂದದ್ದು ರುದ್ರಪ್ಪನವರು ಬ್ಯಾಂಕಿಗೆ ಹೋಗಿದ್ದಾಗ. ಅವನು ಆವರಗೆರೆಯವನು, ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದ ಹಮಾಲಿ. ಈಗ ಮೂಟೆಯಿರಲಿ, ತನ್ನ ಉಸಿರನ್ನೇ ಹೊರಲು ಅವನಿಗೆ ಕಷ್ಟವಾಗಿತ್ತು. ಎದೆಯಿಂದ ಸಿಳ್ಳೆಯಂಥ ಸದ್ದು ಬರುತ್ತಿತ್ತು. ಗೇಟು ತೆಗೆಯಲೂ ಇಲ್ಲ, ಅದರ ಸರಳು ಹಿಡಿದು ನಿಂತ. ಮಹಡಿಯ ಮೆಟ್ಟಿಲಿನಿಂದ ನಾನೇ ನೋಡುತ್ತಿದ್ದೆ.

"ಅವ್ವಾ, ರಾತ್ರಿ ಪೂರಾ ಕುಂತ ಇದ್ದೆ. ಮಲಗಿದ್ರ ಉಸಿರು ನಿಂತಂಗಾಗ್ತೈತೆ. ಒಂದ್ನಾಲ್ಕು ಎಲಿ."

"ಇದರಿಂದ ವಾಂತಿ ಆಗ್ತೈತಪ್ಪ. ದೊಡ್ಡಾಸ್ಪತ್ರಿಗೆ ಹೋಗು. ಶೈಲವ್ವ ಕರ್ಕಂಡು ಹೋಗ್ತಾಳೆ."

"ಹೋಗಿ ಬಂದೀನವ್ವಾ. ಪಂಪು ಕೊಟ್ಟಾರೆ. ಅದೂ ಎಳಕಂತೀನಿ. ಇದೂ ಒಂದು ನೋಡ್ತೀನಿ."

ಹಾಲಮ್ಮನವರು ನನ್ನತ್ತ ನೋಡಿದರು. ನಾನು ಏನು ಹೇಳಬೇಕಿತ್ತು? ಮನುಷ್ಯನೊಬ್ಬ ಉಸಿರು ಕೇಳುತ್ತಾ ನಿಂತಿದ್ದಾನೆ, ಅವನ ಮುಂದೆ ಹುಳುವಿನ ಮಾತು ಎತ್ತಲು ನನಗೂ ಬಾಯಿ ಬರಲಿಲ್ಲ. ಅವರು ಮರದ ಕೆಳಗೆ ಹೋದರು. ಎಲೆಗಳ ಮೇಲಿದ್ದ ಹುಳುಗಳನ್ನು ಒಂದೊಂದಾಗಿ ಬೆರಳಿಗೆ ಹತ್ತಿಸಿಕೊಂಡು ಬರಿ ಬಳ್ಳಿಗೆ ಬಿಟ್ಟರು. ಆಮೇಲೆ ಎಲೆಗಳನ್ನು ಕಿತ್ತು ಅವನ ಕೈಗೆ ಕೊಟ್ಟರು. ಅವನು ನಾಲ್ಕು ಕೇಳಿದ್ದ. ಅಲ್ಲಿದ್ದದ್ದೇ ಅಷ್ಟು.

ಹುಳುಗಳು ಬರಿ ದಂಟಿನ ಮೇಲೆ ಮೇಲಕ್ಕೂ ಕೆಳಕ್ಕೂ ನಡೆದಾಡಿದವು. ಹಾಲಮ್ಮನವರು ಎಕ್ಕದ ಎಲೆ ತಂದಿಟ್ಟರು, ಅವು ಮೂಸಿಯೂ ನೋಡಲಿಲ್ಲ. ಕೊನೆಗೆ ಅವನ್ನು ಸ್ಟೀಲಿನ ಊಟದ ಡಬ್ಬಿಗೆ ಹಾಕಿ, ಮುಚ್ಚಳಕ್ಕೆ ಮೊಳೆಯಲ್ಲಿ ತೂತು ಹೊಡೆದು, "ಹರಿಹರಕ್ಕೆ ಹೋಗಿ ಬರಾನ ನಡಿ ಶೈಲವ್ವಾ" ಎಂದರು. ನಾನು ಅಂಗಡಿಗೆ ಬೀಗ ಹಾಕಿ ಗಾಡಿ ತೆಗೆದೆ. ದಾರಿಯುದ್ದಕ್ಕೂ ಅವರು ಡಬ್ಬಿಯನ್ನು ಸೆರಗಿನೊಳಗೆ ಇಟ್ಟುಕೊಂಡು, ಲಾರಿ ಬಂದಾಗಲೆಲ್ಲ "ಹೊಗಿ ಬಡೀತೈತೆ, ನಿಧಾನ" ಎನ್ನುತ್ತಿದ್ದರು.

ಅವರ ತವರುಮನೆಯ ಹಿಂದೆ ಕಾಡಿನ ಪಟ್ಟಿ ಇದ್ದ ಜಾಗದಲ್ಲಿ ಈಗ ಕಲ್ಲು ಹಾಸಿದ ಕಾಲುದಾರಿ, ಸಾಲಾಗಿ ಕತ್ತರಿಸಿದ ಬಣ್ಣದ ಗಿಡಗಳು. ಹೊಳೆ ಮಾತ್ರ ಇತ್ತು. ಅಕ್ಕ ಈಗ ಇಲ್ಲ, ಮನೆಯಲ್ಲಿ ಬೇರೆ ಯಾರೋ ಇದ್ದರು. ಹಾಲಮ್ಮನವರು ಒಂದು ಓಣಿಯಿಂದ ಇನ್ನೊಂದು ಓಣಿಗೆ ನಡೆದರು, ಬೇಲಿ ಕಂಡಲ್ಲೆಲ್ಲ ಬಗ್ಗಿ ನೋಡಿದರು. ಹೂ ಮಾರುತ್ತಿದ್ದ ಹೆಂಗಸೊಬ್ಬಳನ್ನು "ಆಡುಮುಟ್ಟದ್ದು ಇಲ್ಲೆಲ್ಲಾದ್ರೂ ಐತೇನವ್ವಾ?" ಎಂದು ಕೇಳಿದರು. "ಐತಲ್ರೀ, ಬೇಕಾದಷ್ಟು ಐತೆ" ಎಂದು ಆಕೆ ಎದ್ದು ಬಂದು ತೋರಿಸಿದಳು. ಒಂದು ಮನೆಯ ಬೇಲಿ ತುಂಬ ದಟ್ಟವಾಗಿ, ಉದ್ದುದ್ದ ಎಲೆಯ ಆಡುಸೋಗೆ.

ಇದು ಬೇರೆ, ಅದು ಬೇರೆ ಎಂದು ವರ್ಷಗಟ್ಟಲೆ ಊರಿಗೆಲ್ಲ ಹೇಳಿದವರು ಅವರು. ಆ ಬೇಲಿಯ ಹತ್ತಿರ ಹೋದರು. ಆಮೇಲೆ ಕೈಚಾಚಿ ಎರಡು ಎಲೆ ಕಿತ್ತು ಡಬ್ಬಿಯೊಳಗೆ ಹಾಕಿದರು. "ಹೆಸರು ಒಂದ ಐತಲ್ಲ ಶೈಲವ್ವಾ. ಹಸ್ದಾವೆ. ಯಾರಿಗೆ ಗೊತ್ತು, ತಿಂದ್ರೂ ತಿಂದಾವು" ಎಂದರು. ಹೊಳೆಯ ಮೆಟ್ಟಿಲ ಮೇಲೆ ಕೂತು ಮುಚ್ಚಳ ತೆಗೆದು ನೋಡಿದೆವು. ಹುಳುಗಳು ಎಲೆಯ ಈ ತುದಿಯಿಂದ ಆ ತುದಿಗೆ ನಡೆದು ಕೆಳಗಿಳಿದವು. ಒಂದೂ ಬಾಯಿ ಹಾಕಲಿಲ್ಲ. ನನಗೆ ಅಳು ಬಂತು. ಅವರಿಗೆ ಬರಲಿಲ್ಲ, ಅವರು ಮುಚ್ಚಳವನ್ನು ಮೆಲ್ಲಗೆ ಹಾಕಿದರು.

ವಾಪಸು ಬಂದಾಗ ಗೇಟು ತೆರೆದಿತ್ತು. ರುದ್ರಪ್ಪನವರು ಒಳಗೆ ಮಲಗಿದ್ದ ಹೊತ್ತು ನೋಡಿ ಯಾರೋ ಹೊಂಗೆಯ ಬುಡ ಅಗೆದಿದ್ದರು. ಎಲೆಗಿಂತ ಬೇರಿನಲ್ಲಿ ಗುಣ ಜಾಸ್ತಿ ಎಂದು ಯಾರು ಯಾರಿಗೆ ಹೇಳಿದರೋ. ತರಗೆಲೆಯ ಹಾಸಿಗೆ ಎರಡು ಪಾಲಾಗಿ ನಡುವೆ ಒಂದು ಗುಂಡಿ ಇತ್ತು.

ಒಂದೆರಡು ದಿನದಲ್ಲಿ ಡಬ್ಬಿಯ ಹುಳುಗಳು ಅಲ್ಲಾಡುವುದನ್ನು ನಿಲ್ಲಿಸಿದವು. ಹಾಲಮ್ಮನವರು ಅವನ್ನು ಅದೇ ಗುಂಡಿಯಲ್ಲಿಟ್ಟು ಮಣ್ಣು ಎಳೆದರು. ರುದ್ರಪ್ಪನವರು ಪಡಸಾಲೆಯಿಂದ ನೋಡುತ್ತಿದ್ದರು. ಏನನ್ನೇ ಆಗಲಿ ಅದರ ಹೆಸರಿನಿಂದಲೇ ಕರೆಯುವ ಮನುಷ್ಯ, ಅವತ್ತು ಕೆಮ್ಮಿ, ತಗ್ಗಿದ ದನಿಯಲ್ಲಿ, "ಹೆಚ್ಚಾದ್ವೇನು?" ಎಂದು ಕೇಳಿದರು. ಹಾಲಮ್ಮನವರು ಹೂಂ ಎಂದರು.

ಕೆಂಚಪ್ಪ ಮರುವಾರ ಮಂಡಕ್ಕಿಯ ಚೀಲ ಹಿಡಿದು ಬಂದ. ಎಲೆ ಜಗಿದ ದಿನ ಕರುಳು ಕಿತ್ತು ಬರುವ ಹಾಗೆ ವಾಂತಿಯಾಯಿತಂತೆ. "ಎಲ್ಲಾ ಹೊರಗ ಬಂತವ್ವಾ, ಎದಿ ಹಗುರಾತು. ನೀವು ನನ್ನ ಪಾಲಿನ ದೇವ್ರು" ಎಂದು ಕೈಮುಗಿದ. ಅವನಿಗೆ ಹಗುರಾದದ್ದು ಎಲೆಯಿಂದಲೋ ಪಂಪಿನಿಂದಲೋ ನಾನು ಹೇಳಲಾರೆ. ಹಾಲಮ್ಮನವರು ಅವನನ್ನು ಕೂರಿಸಿ ಚಹಾ ಕೊಟ್ಟರು. ಅವನ ಮೇಲೆ ಸಿಟ್ಟಾದರೂ ಆಗಬಾರದಿತ್ತೇ ಎಂದು ನಾನು ಒಳಗೊಳಗೆ ಕುದಿದೆ. ಅವರು ಅವನ ಮಗಳ ಮದುವೆಯ ವಿಷಯ ವಿಚಾರಿಸುತ್ತಿದ್ದರು.

ಆಮೇಲೆ ಅವರು ಬೆಳಿಗ್ಗೆ ಹೊಂಗೆಯ ಕೆಳಗೆ ಹೋಗುವುದನ್ನು ಬಿಟ್ಟರು. ಚಹಾ ಒಳಗೇ ಕುಡಿಯತೊಡಗಿದರು. ಚಳಿ ಶುರುವಾಗುವ ಹೊತ್ತಿಗೆ ಅವರಿಗೇ ಉಸಿರು ಕಟ್ಟತೊಡಗಿತು. ಹೃದಯ ದಣಿದಿದೆ ಎಂದರು ಡಾಕ್ಟರು. ಆಸ್ಪತ್ರೆಯಲ್ಲಿದ್ದು ಬಂದರು. ಪಡಸಾಲೆಯಲ್ಲಿ ಮಂಚ ಹಾಕಿಸಿಕೊಂಡು, ಮೂರು ದಿಂಬಿಗೆ ಒರಗಿ ಕೂತೇ ಇರುತ್ತಿದ್ದರು. ಮಾತಿಗೆ ಉಸಿರು ಸಾಲುತ್ತಿರಲಿಲ್ಲ.

ಹಾಲಮ್ಮನವರಿಗೆ ದಮ್ಮು ಎಂಬ ಸುದ್ದಿ ಆವರಗೆರೆಗೆ ಮುಟ್ಟಿತು. ಒಂದು ಮಧ್ಯಾಹ್ನ ಕೆಂಚಪ್ಪ ಯಾರದೋ ಬೈಕಿನ ಹಿಂದೆ ಕೂತು ಬಂದ. ಹೆಗಲ ಮೇಲೆ ಟವೆಲಿನಲ್ಲಿ ಕಟ್ಟಿದ ದೊಡ್ಡ ಹೊರೆ. ನಾನು ಹಾಲಮ್ಮನವರಿಗೆ ಗಂಜಿ ಕುಡಿಸುತ್ತಿದ್ದೆ. ಅವನು ಮಂಚದ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಗಂಟು ಬಿಚ್ಚಿದ. ಆಡುಮುಟ್ಟದ ಬಳ್ಳಿ. ಬೇರು, ದಂಟು, ಎಲೆ, ಕಾಯಿ ಎಲ್ಲ ಸಮೇತ.

"ಲೋಕಿಕೆರಿ ಆಚಿಗೆ ಕುರುಚಲಾಗೆ ಸಿಕ್ತವ್ವಾ. ಎಷ್ಟು ದಿನದಿಂದ ಹುಡುಕ್ತಿದ್ದೆ. ಬೆಳಿಗ್ಗಿನಿಂದ ಅಗದು ತಗದೀನಿ. ನಿಮಗ ಆಗ್ಲಿ ಅಂತ."

ಅವನ ಕೈಯೆಲ್ಲ ಮುಳ್ಳು ಗೀಚಿ ರಕ್ತ ಒಣಗಿತ್ತು. ಬಿಸಿಲಿಗೆ ಬೇರು ಹಗ್ಗದಂತೆ ಬಿಗಿದುಕೊಂಡಿತ್ತು, ಎಲೆಗಳು ಬಾಡಿ ಜೋತಿದ್ದವು. ಹಾಲಮ್ಮನವರು ಹಳೆಯ ಅಭ್ಯಾಸದಂತೆ ಎಲೆಗಳನ್ನು ಮಗುಚಿದರು. ಒಂದು ಎಲೆಯ ಕೆಳಗೆ ಜುಮುಕಿ ನೇತಾಡುತ್ತಿತ್ತು. ಬಂಗಾರದ ಚುಕ್ಕೆಗಳು ಕಿಟಕಿಯ ಬೆಳಕಿಗೆ ಮಿನುಗಿದವು. ಅವರ ಬೆರಳು ಅಲ್ಲಿಯೇ ನಿಂತಿತು. ಆಮೇಲೆ ಬಹಳ ಹೊತ್ತು ಉಸಿರು ಕೂಡಿಸಿಕೊಂಡು ಕೇಳಿದರು:

"ಅಲ್ಲಿ... ಇನ್ನೂ ಐತೇನಪ್ಪ?"

"ಎಲ್ಲಿದು ಅವ್ವಾ, ಇದೊಂದ ಇತ್ತು. ಯಾರಿಗೂ ಒಂದೆಲಿ ಬಿಟ್ಟಿಲ್ಲ. ಪೂರಾ ನಿಮಗ ಅಂತ ತಂದೀನಿ."

ಅವನ ಮುಖದಲ್ಲಿ ಅಂಥ ಸಂತೋಷವಿತ್ತು. ಹಾಲಮ್ಮನವರು ಅವನ ಗೀಚಿದ ಕೈಯ ಮೇಲೆ ತಮ್ಮ ಕೈ ಇಟ್ಟರು.

"ಹೆಚ್ಚಾತಪ್ಪ" ಎಂದರು.

"ಹೆಚ್ಚೇನು ಬಿಡ್ರಿ ಅವ್ವಾ, ನೀವು ನನಗ ಮಾಡಿದ್ದರ ಮುಂದ ಇದು ಯಾವ ಲೆಕ್ಕ" ಎಂದು ಕೆಂಚಪ್ಪ ಕಣ್ಣು ಒರೆಸಿಕೊಂಡ.

ಅವರು ನನ್ನತ್ತ ನೋಡಿದರು. ನನಗೆ ಅರ್ಥವಾಗಿದೆ ಎಂದು ಅವರಿಗೆ ಗೊತ್ತಿತ್ತು. ಅವರು ನನ್ನ ಎದುರಿಗೆ ಆಡಿದ ಕೊನೆಯ ಮಾತು ಅದು. ಮರುದಿನ ನಸುಕಿನಲ್ಲಿ ಹೋದರು.

ಕೆಂಚಪ್ಪ ಬಂದು ಹೋದ ದಿನವೇ ಸಂಜೆ ಜುಮುಕಿ ಇದ್ದ ದಂಟನ್ನು ನಾನು ಪಡಸಾಲೆಯ ಅರಿವೆ ಹಗ್ಗಕ್ಕೆ ಸಿಕ್ಕಿಸಿದ್ದೆ. ಮಣ್ಣಿಗೆ, ಮೂರು ದಿನದ ಕಾರ್ಯಕ್ಕೆ ಬಂದು ಹೋದ ಮಂದಿಯ ಗದ್ದಲದಲ್ಲಿ ಅದನ್ನು ಮರೆತೆ. ನೆನಪಾಗಿ ನೋಡಿದಾಗ ಒಡೆದ ಸಿಪ್ಪೆ ಮಾತ್ರ ತೂಗುತ್ತಿತ್ತು. ಹಾರಿದ್ದನ್ನು ಯಾರೂ ನೋಡಿರಲಿಲ್ಲ. ಬೇರನ್ನು ಹೊಂಗೆಯ ಬುಡದಲ್ಲಿ ನೆಟ್ಟು, ನಾನೂ ರುದ್ರಪ್ಪನವರೂ ಸರದಿಯಂತೆ ನೀರು ಹಾಕಿದೆವು. ಚಿಗುರಲಿಲ್ಲ. ಹಾಲಮ್ಮನವರ ಫ್ಲೆಕ್ಸನ್ನು ನಾನೇ ಮಾಡಿದೆ. ಅಂಗಡಿಯಲ್ಲಿ ಎಲ್ಲರಿಗೂ ಹಾಕುವ "ಇನ್ನಿಲ್ಲ" ಎಂಬ ಸಾಲನ್ನು ಅದರಿಂದ ತೆಗೆದುಬಿಟ್ಟೆ. ಬರಿ ಹೆಸರು, ಮುಖ, ಮೂಲೆಗೊಂದು ಪಾತರಗಿತ್ತಿ.

ಈ ಮಳೆಗಾಲದಲ್ಲಿ ಒಂದು ತಿಳಿನೀಲಿ ಪಟ್ಟೆಯ ಪಾತರಗಿತ್ತಿ ಬಂತು. ಹೊಂಗೆಯ ಬುಡದಲ್ಲಿ ಸುತ್ತಿತು, ಕಾಂಪೌಂಡಿನ ಗೋಡೆಯನ್ನು ಮುಟ್ಟಿ ಮುಟ್ಟಿ ನೋಡಿತು. ಎಲ್ಲೂ ಕೂರಲಿಲ್ಲ. ನಾನು ಅದನ್ನೇ ನೋಡುತ್ತಾ ನಿಂತಿದ್ದಾಗ ಗೇಟಿನ ಹತ್ತಿರ ಯಾರೋ ಕೆಮ್ಮಿದರು. ಮುಪ್ಪಿನ ಹೆಂಗಸು, ಉಸಿರು ಏರಿಳಿಯುತ್ತಿತ್ತು. ದೂರದಿಂದ ನಡೆದು ಬಂದಿರಬೇಕು.

"ಆಡುಮುಟ್ಟದ ಎಲಿ ಐತೇನವ್ವಾ? ಹಾಲಮ್ಮಾರು ಅದಾರೇನು?"

ಎರಡು ಪ್ರಶ್ನೆಗೂ ನನ್ನ ಹತ್ತಿರ ಇದ್ದದ್ದು ಒಂದೇ ಉತ್ತರ. ಬಾಯಿ ತೆರೆದೆ. ಆ ಮಾತು ಬರಲಿಲ್ಲ.

"ಬರ್ರಿ, ಒಳಗ ಬರ್ರಿ" ಎಂದೆ. "ಕೂಡ್ರಿ. ಮೊದ್ಲು ನೀರು ಕುಡೀರಿ."